ಅದು ಕುದುರೆಯ ಜೂಲಲ್ಲ, ಕೌದಿ

ಉಮದಿ

ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಹುರಿದ ಶೇಂಗಾ, ಒಣಖಾರ, ಬೆಳ್ಳುಳ್ಳಿ, ಉಪ್ಪು ಒಳಕಲ್ಲಿಗೆ ಹಾಕಿ ಕುಟ್ಟುವಾಗ ಹದ ತಪ್ಪಬಾರದು. ಎರಡು ಪೆಟ್ಟು ಹೆಚ್ಚಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಂಥ ಹೊತ್ತಿನಲ್ಲೇ ಫೋನು ಬಂತು. ನನ್ನ ಕೈಯೆಲ್ಲ ಖಾರ. ಅತ್ತೆ ಫೋನು ಎತ್ತಿಕೊಂಡು, ಎಲ್ಲಿ ಒತ್ತಬೇಕೋ ತಿಳಿಯದೆ ಎಲ್ಲ ಕಡೆ ಒತ್ತಿ, ಕಡೆಗೆ ನನ್ನ ಕಿವಿಗೆ ತಂದು ಹಿಡಿದರು.

"ಅವ್ವಾ, ನಿನ್ನ ವೀಸಾ ಬಂತು," ಎಂದಳು ಮಗಳು. "ಸೋಮವಾರ ಮನಿ ಬಿಡಬೇಕು. ಶುಕ್ರವಾರ ಅವರ ಮೀಟಿಂಗ್ ಐತಿ. ಅದರೊಳಗ ನೀ ಬಂದು ಮುಟ್ಟಿ ನೋಡಿ ಹೇಳಬೇಕು."

ನನ್ನ ಮಗಳು ಭಾಗ್ಯಾ. ಸಾಂಗಲಿಯಲ್ಲಿ ಚಿತ್ರಕಲೆ ಮಾಸ್ತರಿಕೆಯ ಕೋರ್ಸು ಮಾಡಿ, ಆಮೇಲೆ ಬಟ್ಟೆಯ ವಿನ್ಯಾಸ ಕಲಿತು, ಅಲ್ಲಿಂದ ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯದ ಕಲಾಶಾಲೆಗೆ ಓದಲು ಹೋದವಳು. ಓದು ಮುಗಿದ ಮೇಲೆ ಆ ಶಾಲೆಯವರೇ ಅವಳನ್ನು ಒಂದು ವರ್ಷದ ಕೆಲಸಕ್ಕೆ ಇಟ್ಟುಕೊಂಡರು. ಶಾಲೆ ಹಳೆಯ ಕಟ್ಟಡ ಬಿಟ್ಟು ಹೊಸದಕ್ಕೆ ಹೋಗುವುದಿತ್ತು. ಹೋಗುವ ಮೊದಲು ಅದರ ಚರಿತ್ರೆ ಬರೆಯಬೇಕು, ಉಗ್ರಾಣದಲ್ಲಿದ್ದ ಹಳೆಯ ವಸ್ತುಗಳನ್ನೆಲ್ಲ ಗುರುತು ಹಿಡಿದು ಪಟ್ಟಿ ಮಾಡಬೇಕು. ಅವಳು ಅಲ್ಲಿ ಕೆಲಸದಲ್ಲಿರುವುದರಿಂದ ಶಾಲೆಯ ಹೆಸರು ನಾನು ಬರೆಯುವುದಿಲ್ಲ.

ಆ ಉಗ್ರಾಣದಲ್ಲಿ ಅವಳಿಗೊಂದು ಬಟ್ಟೆ ಸಿಕ್ಕಿತ್ತು. ಚೀಟಿಯಲ್ಲಿ "ಕುದುರೆಯ ಜೂಲು, ಭಾರತ" ಎಂದು ಬರೆದಿತ್ತಂತೆ. ಕುದುರೆಗೆ, ಎತ್ತಿಗೆ ಬೆನ್ನ ಮೇಲೆ ಹೊದಿಸುತ್ತಾರಲ್ಲ, ಆ ಜೂಲು. ಭಾಗ್ಯಾ ಬಿಚ್ಚಿ ನೋಡಿದರೆ ಕೌದಿ! ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಕೈಯಿಂದ ಹೊಲಿದ ನಮ್ಮ ಕೌದಿ. ಫೋಟೋ ಕಳಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಕೌದಿನ ಅದು. ಕೌದಿ ಅಲ್ಲ ಅನ್ನಾವರು ಯಾರು? ಅವರ ಫೋನ್ ನಂಬರ ಕೊಡು," ಎಂದರು.

ಫೋಟೋ ನೋಡಿ ಹೇಳಿದ ಮಾತು ಅಲ್ಲಿ ನಡೆಯುವುದಿಲ್ಲ. ಗುರುತು ಖಾತ್ರಿಯಾಗದ ವಸ್ತುವಿಗೆ ಹೊಸ ಕಟ್ಟಡದಲ್ಲಿ ಜಾಗವಿಲ್ಲ ಎಂದು ತೀರ್ಮಾನವಾಗಿತ್ತು. ಜೂಲುಗಳು ಅವರಲ್ಲಿ ಬೇರೆಯವೂ ಇದ್ದವು. ಹಾಗಾಗಿ ಇದು ಹೊರಗೆ ಹೋಗುವ ರಾಶಿಯಲ್ಲಿತ್ತು. ಭಾಗ್ಯಾ ಆಗಲೇ ಅದರ ಮೇಲೆ ಒಂದು ಅಧ್ಯಾಯ ಬರೆದುಬಿಟ್ಟಿದ್ದಳು. ಆ ಶಾಲೆಯ ಮೊದಲ ಹೆಣ್ಣುಮಕ್ಕಳು ಹೊಲಿಗೆ ಕಲಿತದ್ದು ಇದನ್ನು ಮುಂದಿಟ್ಟುಕೊಂಡು, ಅಂದರೆ ನಮ್ಮ ಕಡೆಯ ಯಾವಳೋ ಒಬ್ಬಳ ಕೈಕೆಲಸ ನೋಡಿ ಎಂದು. ಅದು ಬರೀ ಜೂಲು ಎಂದಾದರೆ ಅಧ್ಯಾಯವೂ ಹೋಯಿತು, ಅವಳ ಮಾತಿನ ತೂಕವೂ ಹೋಯಿತು. ತಿಳಿದವರೊಬ್ಬರನ್ನು ಕರೆಸಿ ಎಂದು ದೊಡ್ಡ ಮಾಸ್ತರರು ಕೇಳಿದಾಗ ಇವಳು ಬರೆದುಕೊಟ್ಟದ್ದು ನನ್ನ ಹೆಸರು.

ಸುದ್ದಿ ಓಣಿಯಲ್ಲಿ ಹರಡಲು ಹಿಂಡಿ ಡಬ್ಬಿ ತುಂಬುವಷ್ಟು ಹೊತ್ತು ಸಾಕಾಯಿತು. ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದಲೇ ಕೂಗಿದಳು: "ಕೌದಿ ನೋಡಾಕ ಆಸ್ಟ್ರೇಲಿಯಾಕ್ಕ ಹೊಂಟೀಯೇನ ನೀಲಕ್ಕಾ? ಇಲ್ಲೆ ಬಾ, ನನ್ನ ಹಗ್ಗದ ಮ್ಯಾಲ ನಾಕ ಅದಾವ. ವಿಮಾನ ಬ್ಯಾಡ, ಚಪ್ಪಲ್ ಸೈತ ಬ್ಯಾಡ!"

ಮನೆಯವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. "ಜತ್ತಕ್ಕ ಒಬ್ಬಾಕೀನ ಹೋಗಿ ಬಂದಾಕಿ ಅಲ್ಲ, ಕೌದಿ ವಿಷಯದಾಗ ನಿನಗಿಂತ ತಿಳದಾವರು ಅಲ್ಲಿ ಯಾರದಾರ? ಹೋಗಿ ಬಾ," ಎಂದರು. ನಮ್ಮ ತಾಲೂಕಿನ ಊರಾದ ಜತ್ತಕ್ಕೂ ಆಸ್ಟ್ರೇಲಿಯಾಕ್ಕೂ ಅವರಿಗೆ ಅಷ್ಟೇ ಅಂತರ. ಅತ್ತೆ ಮೊಮ್ಮಗಳಿಗೆಂದು ಹೊಲಿಯುತ್ತಿದ್ದ ಹೊಸ ಕೌದಿಯನ್ನು ಭಾನುವಾರದೊಳಗೆ ಮುಗಿಸಿ, ಮಡಿಚಿ ಬ್ಯಾಗಿಗಿಟ್ಟರು.

ಮುಂಬೈ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಾನು ಬಾಗಿಲು ದಾಟಿದೊಡನೆ ಯಂತ್ರ ಕೂಗಿತು. ಬಳೆ ತೆಗೆಸಿದರು, ಮತ್ತೆ ಕೂಗಿತು. ಕಾಲುಂಗುರ ಎಂದುಕೊಂಡೆ, ಅಲ್ಲ. ಕುಪ್ಪಸದೊಳಗೆ ಎದೆಯ ಮೇಲೆ ತೂಗುವ ಬೆಳ್ಳಿಯ ಕರಡಿಗೆ. ಅದರಲ್ಲಿ ನನ್ನ ಇಷ್ಟಲಿಂಗವಿದೆ. ಕೊರಳಿಗೆ ಕಟ್ಟಿದಂದಿನಿಂದ ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಇಲ್ಲಿ ತಟ್ಟೆಯಲ್ಲಿಟ್ಟು ಕಳಿಸು ಎಂದರೆ ಏನು ಗತಿ?  ಪೊಲೀಸ್ ಹುಡುಗಿ ಪರದೆಯ ಒಳಗೆ ಕರೆದೊಯ್ದು ಮರಾಠಿಯಲ್ಲಿ ಕೇಳಿದಳು. ದೇವರು ಎಂದೆ. ಮುಚ್ಚಳ ನಾನೇ ತೆಗೆದು ತೋರಿಸಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು, ಮುಟ್ಟದೆಯೇ ನಮಸ್ಕಾರ ಮಾಡಿ, "ಜಾ ಮಾವಶೀ," ಹೋಗು ಚಿಕ್ಕವ್ವಾ, ಎಂದಳು. ಶಿವ ಎಷ್ಟು ಸಲ ಕಾಯ್ದ ಎಂದು ಅಂದಿನಿಂದ ಲೆಕ್ಕ ಹಿಡಿಯಲು ಶುರು ಮಾಡಿದವಳಿಗೆ, ಪ್ರವಾಸ ಮುಗಿಯುವುದರೊಳಗೆ ಲೆಕ್ಕ ತಪ್ಪಿಹೋಯಿತು.

ವಿಮಾನದಲ್ಲಿ ಬೆಳಗಾದ ಮೇಲೆ ಪೂಜೆಗೆ ನೀರು ಬೇಕಿತ್ತು. ಕಾಗದದ ಲೋಟದಲ್ಲಿ ತಂದುಕೊಟ್ಟರು. ಕುಳಿತಲ್ಲೇ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆ. ಪಕ್ಕದ ಸೀಟಿನ ಬಿಳಿಯ ಹೆಂಗಸು ನನಗೆ ಕೈ ನೋವೆಂದು ತಿಳಿದಳೋ ಏನೋ, ಬಹಳ ಹೊತ್ತು ಉಸಿರು ಬಿಗಿಹಿಡಿದು ನನ್ನ ಅಂಗೈಯನ್ನೇ ನೋಡಿದಳು. ಪೂಜೆ ಮುಗಿದ ಮೇಲೆ ಅವಳಿಗೂ ಒಂದು ಚಿಟಿಕೆ ವಿಭೂತಿ ಕೊಟ್ಟೆ. ಅವಳು ಅದನ್ನು ಎರಡೂ ಮೊಣಕೈಗೆ ಚೆನ್ನಾಗಿ ತಿಕ್ಕಿಕೊಂಡು, ಥ್ಯಾಂಕ್ಯೂ ಎಂದು ಕಣ್ಣು ಮುಚ್ಚಿದಳು. ಹಾಗೂ ಹಚ್ಚಿಕೊಳ್ಳಬಹುದು, ನಮ್ಮ ದೇವರೇನೂ ಮುನಿಯುವವನಲ್ಲ.

ನಾಯಿ ಬಂದು ಕುಳಿತದ್ದು

"ತಿನ್ನೂದು ಏನಿದ್ರೂ ಮುಚ್ಚಿಡಬ್ಯಾಡ, ಎಲ್ಲಾ ಬರಿ," ಎಂದು ಭಾಗ್ಯಾ ಹತ್ತು ಸಲ ಹೇಳಿದ್ದಳು. ಆ ದೇಶದವರಿಗೆ ಹೊರಗಿನ ಕಾಳು, ಬೀಜ, ಮಣ್ಣು ಎಂದರೆ ಭಯ. ಹೊಲಕ್ಕೆ ರೋಗ ಬಂದೀತೆಂದು. ಒಕ್ಕಲುತನದ ಮನೆಯಿಂದ ಬಂದವಳಿಗೆ ಆ ಭಯ ತಿಳಿಯದ್ದೇನಲ್ಲ. ವಿಮಾನದಲ್ಲಿ ಕೊಟ್ಟ ಕಾಗದದ ಮೇಲೆ ಪಕ್ಕದವಳ ಸಹಾಯದಿಂದ ಎಲ್ಲ ಬರೆಸಿದೆ. ಹಿಂಡಿ, ಖಡಕ್ ರೊಟ್ಟಿ, ಶೇಂಗಾ ಉಂಡಿ. ಏನೂ ಬಿಡಲಿಲ್ಲ ಎಂದು ಹಗುರಾಗಿ ಇಳಿದೆ.

ಬ್ಯಾಗು ತೆಗೆದುಕೊಂಡು ಸಾಲಿನಲ್ಲಿ ನಿಂತಿದ್ದಾಗ ಒಂದು ನಾಯಿ ಬಂತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ನನ್ನ ಬ್ಯಾಗನ್ನು ಮೂಸಿ, ಅದರ ಪಕ್ಕದಲ್ಲಿ ಮನೆಯ ನಾಯಿಯ ಹಾಗೆ ಕುಳಿತುಬಿಟ್ಟಿತು. ಸುತ್ತಲಿನವರೆಲ್ಲ ನನ್ನನ್ನು ನೋಡತೊಡಗಿದರು.

ಒಬ್ಬ ಎತ್ತರದ ಹೆಂಗಸು, ಮೊಣಕೈವರೆಗೆ ಹೂಬಳ್ಳಿಯ ಹಚ್ಚೆ, ನನ್ನನ್ನು ಮೇಜಿನ ಬಳಿ ಕರೆದೊಯ್ದಳು. ಹಿಂಡಿ ನೋಡಿದಳು, ರೊಟ್ಟಿ ನೋಡಿದಳು, ಕಾಗದದಲ್ಲಿದೆ ಎಂದು ತಲೆಯಾಡಿಸಿ ಬದಿಗಿಟ್ಟಳು. ಆದರೂ ನಾಯಿ ಏಳಲಿಲ್ಲ. ಕೌದಿಯನ್ನು ಯಂತ್ರದೊಳಗೆ ಕಳಿಸಿದರು. ಪರದೆಯ ಮೇಲೆ ಒಂದು ಮೂಲೆಯಲ್ಲಿ ಚುಕ್ಕೆಗಳು.

ಆಗ ನೆನಪಾಯಿತು ನೋಡಿ, ತಲೆಯ ಮೇಲೆ ನೀರು ಸುರಿದಂತೆ.

ನಮ್ಮ ಕಡೆ ಕೌದಿ ಹೊಲಿಯುವಾಗ ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಕಡೆಯವರೆಗೆ ತೆರೆದಿಡುತ್ತಾರೆ. ಹೊಲಿಗೆಯೆಲ್ಲ ಮುಗಿದ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಆ ಮೂಲೆಯಲ್ಲಿ ಐದು ಕಾಳು ಜೋಳ, ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯುತ್ತಾಳೆ. ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತೇವೆ. ಹಸಿದ ಕೌದಿ ಹೊದ್ದುಕೊಂಡವರಿಗೆ ನಿದ್ದೆ ಕೊಡುವುದಿಲ್ಲ. ಅತ್ತೆ ಭಾನುವಾರ ಒಳಕೋಣೆಯಲ್ಲಿ ಕುಳಿತು ಮಾಡಿದ್ದು ಅದೇ. ನನ್ನ ತಿನಿಸನ್ನೆಲ್ಲ ಬರೆಸಿದ್ದೆ; ಕೌದಿಯ ಊಟ ನೆನಪಾಗಿರಲೇ ಇಲ್ಲ.

ಇದನ್ನು ಯಾವ ಭಾಷೆಯಲ್ಲಿ ಹೇಳಲಿ? ಹಚ್ಚೆಯವಳು ಫೋನಿನಲ್ಲಿ ಮರಾಠಿ ಬಲ್ಲ ಒಬ್ಬ ಹೆಂಗಸನ್ನು ಹಿಡಿದುಕೊಟ್ಟಳು. ನಾನು ಹೇಳಿದೆ. ಆ ಕಡೆಯಿಂದ ನಗು. ಅವಳ ಅಜ್ಜಿಯೂ ಗೋಧಡಿಯಲ್ಲಿ, ಅಂದರೆ ಅವರ ಕೌದಿಯಲ್ಲಿ, ಪೋಳಿಯ ಚಪಾತಿ ಚೂರು ಇಟ್ಟು ಹೊಲಿಯುತ್ತಿದ್ದಳಂತೆ! ನಗು ನಿಲ್ಲಿಸಿ ಅವಳು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದಳು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಹೇಳಿರಬೇಕು.

ಹಚ್ಚೆಯ ಹೆಂಗಸು ಸಣ್ಣ ಕತ್ತರಿ ತಂದಳು. ಕೌದಿಯನ್ನು ಅಡ್ಡಡ್ಡ ಸೀಳಿಬಿಡುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಒಂದೊಂದೇ ಎಳೆ ಎತ್ತಿ, ಬೇಕಾದಷ್ಟನ್ನೇ ಕತ್ತರಿಸುತ್ತಿದ್ದಾಳೆ. ಐದು ಕಾಳು, ಚೂರು ರೊಟ್ಟಿ ಅವರ ಜಪ್ತಿಯ ಚೀಲಕ್ಕೆ ಹೋಯಿತು. ಉಳಿದದ್ದನ್ನೆಲ್ಲ ಬರೆಸಿದ್ದರಿಂದ ಈ ಸಲ ಬರೀ ತಾಕೀತು. ಇನ್ನೊಮ್ಮೆ ಬಂದರೆ ಕೌದಿಯ ಊಟವನ್ನೂ ಬರೆಯಬೇಕೆಂದು ಫೋನಿನವಳು ತಿಳಿಸಿದಳು. ಹಚ್ಚೆಯವಳು ಕೌದಿಯನ್ನು ಅತ್ತೆ ಮಡಿಚಿದ್ದ ಮಡಿಕೆಯಲ್ಲೇ ಮಡಿಚಿ ಕೊಟ್ಟಳು. ಅವಳ ಹೆಸರು ಕೇಳಬೇಕಿತ್ತು, ಗಾಬರಿಯಲ್ಲಿ ಮರೆತೆ.

ಹೊರಗೆ ಭಾಗ್ಯಾ ಕಾದು ಕಾದು ಅಳುವ ಹಾಗಾಗಿದ್ದಳು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಬ್ಯಾಗಿನ ಗಾಡಿ ನೂಕುತ್ತಿದ್ದವಳು ದಾರಿಯ ನಡುವೆ ನಿಂತುಬಿಟ್ಟಳು.

"ಅವ್ವಾ, ಎಲ್ಲಾ ಕೌದಿಗೂ ಹಿಂಗ ಹಾಕ್ತಾರ?"

"ಹಾಕದ ಬಿಡ್ತಾರೇನ?"

"ನನಗ ಯಾರೂ ಹೇಳೇ ಇಲ್ಲ!"

"ನೀ ಹಾಸ್ಟೆಲದಾಗ ಇದ್ದಿ. ಮದಿವಿ ಆಗದ ಹುಡಿಗ್ಯಾರನ್ನ ಆ ಹೊತ್ತಿಗೆ ಯಾರು ಕೂಡ್ರಸಿಕೊಂತಾರ?"

"ಯಾವ ಮೂಲಿ?"

"ತಲಿ ಕಡೀದು. ಎಡಕ."

 ಅವಳು ಗಾಡಿಯನ್ನು ಲಗೂನ ನೂಕತೊಡಗಿದಳು.

ಐದು ಹೆಸರಿನ ಶಾಲೆ

ಅಲ್ಲಿಂದ ರೈಲಿನಲ್ಲಿ ಎರಡು ತಾಸು. ಕಿಟಕಿಯಾಚೆ ಒಣ ಹುಲ್ಲಿನ ಬಯಲು, ಕುರಿ, ಮತ್ತೆ ಕುರಿ. ನಮ್ಮೂರ ಬದಿಯ ಉಟಗಿಯ ಕಡೆಯ ಬಯಲೇ ಎನ್ನಿಸಿ ಮನಸ್ಸಿಗೆ ಹಾಯೆನಿಸಿತು. ಒಂದೇ ವ್ಯತ್ಯಾಸ, ಕುರಿಯ ಹಿಂದೆ ಮನುಷ್ಯನೇ ಇಲ್ಲ. "ಕುರುಬರು ಎಲ್ಲಿ?" ಎಂದು ಕೇಳಿದೆ. "ಬೇಲಿ ಐತೆಲ್ಲವ್ವಾ," ಎಂದಳು ಭಾಗ್ಯಾ. ಬೇಲಿಯ ಜೊತೆ ಕುರಿಗಳು ಏನು ಮಾತಾಡಿಕೊಳ್ಳುತ್ತವೋ.

ಆ ಊರು ಚಿನ್ನದ ಗಣಿಯ ಊರಾಗಿತ್ತಂತೆ. ಶಾಲೆಯ ಮುಂಬಾಗಿಲಿನ ಕಲ್ಲಿನ ಮುಂದೆ ನಿಲ್ಲಿಸಿ ಭಾಗ್ಯಾ ಚರಿತ್ರೆ ಹೇಳಿದಳು. ಬುಧವಾರ ಸಂಜೆ, ಚಳಿ. ಆದರೂ ಅವಳು ಹೇಳುವುದು ಕೇಳುತ್ತ ನಿಂತೆ.

ಮೊದಲು ಅದು ಗಣಿಯ ಕೆಲಸಗಾರರಿಗೆ ಸಂಜೆ ಹೊತ್ತು ಯಂತ್ರದ ನಕ್ಷೆ ಬರೆಯಲು ಕಲಿಸುತ್ತಿದ್ದ ಒಂದೇ ಒಂದು ಕೋಣೆ. ಆಮೇಲೆ ಸರ್ಕಾರದ್ದಾಯಿತು, ಚಿತ್ರಶಾಲೆ ಎಂದರು. ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು, ಆದರೆ ಹಿಂಬಾಗಿಲಿಂದ. ಹಿಂದೆ ಒಂದೇ ಕಿಟಕಿಯ ಕೋಣೆ. ಅದರಲ್ಲಿ ಕಸೂತಿ, ಹೊಲಿಗೆ. ಚಿನ್ನ ಮುಗಿಯಿತು, ಊರು ಖಾಲಿಯಾಯಿತು. ಗಂಡಸರು ಯುದ್ಧಕ್ಕೆ ಹೋದರು. ಮುಂದಿನ ಕೋಣೆಗಳಿಗೆ ಬೀಗ ಬಿದ್ದಾಗ ಹಿಂದಿನ ಕೋಣೆಯಲ್ಲಿ ಹುಡುಗಿಯರು ಹೊಲಿಯುತ್ತಿದ್ದರಂತೆ. ಅದರಿಂದಲೇ ಶಾಲೆ ಉಳಿಯಿತಂತೆ. ಮುಂದೆ ಅದನ್ನು ತಾಂತ್ರಿಕ ಕಾಲೇಜಿಗೆ ಕೂಡಿಸಿದರು, ಹೆಸರು ಬದಲಾಯಿತು. ಶಿಕ್ಷಕರ ಕಾಲೇಜಿಗೆ ಕೂಡಿಸಿದರು, ಮತ್ತೆ ಬದಲಾಯಿತು. ಕಡೆಗೆ ವಿಶ್ವವಿದ್ಯಾಲಯ ಬಂದು ಎಲ್ಲವನ್ನೂ ನುಂಗಿತು. ಹೊಲಿಗೆ ಈಗಿನ ಕಾಲಕ್ಕೆ ಬೇಡವೆಂದು ಆ ವಿಭಾಗ ಮುಚ್ಚಿತು. ಒಂದೇ ಕಿಟಕಿಯ ಕೋಣೆ ಉಗ್ರಾಣವಾಯಿತು.

ಬಾಗಿಲ ಮೇಲೆ ಹೊಸ ಹೆಸರಿನ ಹಲಗೆ. ಅದರ ಅಂಚಿನಿಂದ ಹಳೆಯ ಕೆತ್ತನೆಯ ಅಕ್ಷರಗಳು ಇಣುಕುತ್ತಿದ್ದವು. ನಮ್ಮಲ್ಲಿ ಮದುವೆಯಾದಾಗ ಹೆಣ್ಣಿನ ಹೆಸರು ಬದಲಿಸುತ್ತಾರೆ. ತವರಿನಲ್ಲಿ ನಾನು ಸುಶೀಲಾ, ಇಲ್ಲಿ ನೀಲವ್ವ. ಒಂದು ಸಲ ಬದಲಾಗಿದ್ದಕ್ಕೇ ಆರು ತಿಂಗಳು ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಇದಕ್ಕೆ ಐದು ಹೆಸರು.

ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಉಮದಿಯ ಕನ್ನಡ ಶಾಲೆ ನೆನಪಾಯಿತು. ಅಲ್ಲಿಯೂ ಸಾಹೇಬರು ಬಂದು ಮರಾಠಿಯಲ್ಲಿ ತಪಾಸಣೆ ಮಾಡುತ್ತಾರೆ, ಆದೇಶ ಮರಾಠಿಯಲ್ಲಿ ಬರುತ್ತದೆ, ಮಕ್ಕಳು ಒಳಗೆ ಕನ್ನಡದ ಮಗ್ಗಿ ಹೇಳುತ್ತಿರುತ್ತವೆ. ಆ ಶಾಲೆಯಲ್ಲಿ ಕಲಿತವಳೇ ಇವಳು. ಹಲಗೆಯ ಹಿಂದೆ ಏನಿದೆ ಎಂದು ಇಣುಕುವ ಬುದ್ಧಿ ಅಲ್ಲಿಂದಲೇ ಬಂದಿರಬೇಕು.

"ನಾಳೆ ಏನಾಕ್ಕೈತೋ," ಎಂದಳು. 

ಒಂದೇ ಕಿಟಕಿಯ ಕೋಣೆ

ಉಗ್ರಾಣದ ಯಜಮಾನಿ ಹೆಲೆನ್‌ಬಾಯಿ. ಬಾಯಿ ಎಂದು ಸೇರಿಸಿದ್ದು ನಾನು. ಬಿಳಿ ತಲೆಯವರನ್ನು ಬರೀ ಹೆಸರಿಂದ ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಒಳಗೆ ಹೋಗುವ ಮೊದಲು ಆಕೆ ನನ್ನ ಪೆನ್ನು ಇಸಿದುಕೊಂಡರು. ಅಲ್ಲಿ ಪೆನ್ಸಿಲ್ ಮಾತ್ರ. ಕೈಗೆ ಗವಸು ಕೊಟ್ಟರು. ದೊಡ್ಡ ಮಾಸ್ತರರಾದ ಗ್ರಹಾಂ ಸಾಹೇಬರು ಕಿಟಕಿಯ ಬಳಿ ಕೈ ಕಟ್ಟಿ ನಿಂತಿದ್ದರು. ಕೆಟ್ಟವರೇನಲ್ಲ. ನನಗೆ ಕುರ್ಚಿ ತಾವೇ ಎಳೆದುಕೊಟ್ಟರು. ಅವರ ಮಾತನ್ನು ಭಾಗ್ಯಾ ನನಗೆ ಹೇಳುತ್ತಿದ್ದಳು.

"ಬಟ್ಟಿ ನಿಮ್ಮ ದೇಶದ್ದು, ಅದಕ್ಕ ನಂದೇನೂ ತಕರಾರಿಲ್ಲ ಅಂತಾರ. ಆದ್ರ ಇದರ ಮ್ಯಾಲ ಕುದರಿ ಕೂದಲಾ ಸಿಕ್ಕಾವ. ಕುದರಿ ವ್ಯಾಪಾರದ ಹಡಗಿನ್ಯಾಗ ಬಂದದ್ದು. ಕುದರಿ ಸಲುವಾಗಿನ ಹೊಲದದ್ದಲ್ಲ, ಮನಶಾರ ಹಾಸಿಗಿ ಅಂತ ಹೆಂಗ ಹೇಳ್ತೀರಿ?"

ಮೇಜಿನ ಮೇಲೆ ಅದನ್ನು ಬಿಚ್ಚಿದರು.

ಬಣ್ಣವೆಲ್ಲ ಮಾಸಿತ್ತು. ಆದರೂ ಇಳಕಲ್ ಸೀರೆಯ ದಡಿ, ಅಂದರೆ ಅಂಚು, ಮಾಸಿದರೂ ಗುರುತು ಸಿಗುತ್ತದೆ. ಹೊಲಿಗೆ ಜೋಳದ ಕಾಳು ಸಾಲಾಗಿ ಇಟ್ಟ ಹಾಗೆ, ಒಂದೊಂದೂ ಒಂದೇ ಅಳತೆ. ಸಿಟ್ಟಿದ್ದಾಗ ಹೊಲಿದವಳಲ್ಲ ಇವಳು ಎನ್ನಿಸಿತು. ಗವಸು ಹಾಕಿಕೊಂಡ ಕೈಗೆ ಏನೂ ತಿಳಿಯುವುದಿಲ್ಲ, ಕುರುಡಾದಂತೆ. ಗವಸು ತೆಗೆಯಲೇ ಎಂದು ಕೇಳಿದೆ. ಹೆಲೆನ್‌ಬಾಯಿ ಗ್ರಹಾಂ ಸಾಹೇಬರ ಮುಖ ನೋಡಿ, ಕೈ ತೊಳೆದುಕೊಂಡು ಬಂದರೆ ಆಗಬಹುದು ಎಂದರು. ತೊಳೆದು, ಒರೆಸಿ, ಮನಸ್ಸಿನಲ್ಲೇ ಶಿವನನ್ನು ನೆನೆದು, ತಲೆಯ ಕಡೆ ಯಾವುದೆಂದು ದಡಿಯ ಮೇಲಿಂದ ಗುರುತಿಸಿ, ಎಡ ಮೂಲೆಯನ್ನು ಹಿಚುಕಿದೆ.

ಏನೂ ಇಲ್ಲ. ಚಪ್ಪಟೆ.

ಭಾಗ್ಯಾ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಮೂರು ಮೂಲೆ ಹಿಚುಕಿದೆ. ಏನೂ ಇಲ್ಲ. ವಿಮಾನ ಹತ್ತಿ, ಸಮುದ್ರ ದಾಟಿ ಬಂದು, ಮಗಳ ಮಾತನ್ನು ಅವಳ ಮಾಸ್ತರರ ಎದುರೇ ಸುಳ್ಳು ಮಾಡಿದೆನಲ್ಲ. ಗ್ರಹಾಂ ಸಾಹೇಬರು ಮೆತ್ತಗೆ ಏನೋ ಹೇಳಿದರು. "ನೀವು ಇಷ್ಟ ದೂರ ಬಂದದ್ದ ದೊಡ್ಡದು ಅಂತಾರ," ಎಂದಳು ಭಾಗ್ಯಾ, ನೆಲ ನೋಡುತ್ತ. ಬೈದಿದ್ದರೆ ಚೆನ್ನಾಗಿತ್ತು.

ಬಿಟ್ಟು ಏಳಲು ಮನಸ್ಸಾಗಲಿಲ್ಲ. ಎಡ ಮೂಲೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು ಬೆರಳಿನಷ್ಟು ಉದ್ದ, ಅಲ್ಲಿ ಹೊಲಿಗೆಯೇ ಬೇರೆ. ಸಣ್ಣ ಸಣ್ಣ ಓರೆ ಹೊಲಿಗೆ, ಒತ್ತೊತ್ತಾಗಿ. ದಾರ ತೆಳು, ಮಿಂಚುವಂಥದು.

"ಭಾಗ್ಯಾ, ಇದು ನಮ್ಮಾಕಿ ಹೊಲಿಗಿ ಅಲ್ಲ," ಎಂದೆ. "ಇದನ್ನ ಯಾರೋ ಬಿಚ್ಚ್ಯಾರ. ಒಳಗಿಂದ ತಗದ ಮತ್ತ ಹೊಲದಾರ. ಏರಪೋರ್ಟನ್ಯಾಗ ನಂದು ಬಿಚ್ಚಿದರಲಾ, ಹಂಗ."

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲು ನಾನೇ ಕೈಸನ್ನೆಯಿಂದ ತೋರಿಸಿದೆ. ಐದು ಕಾಳು ಎಂದು ಐದು ಬೆರಳು. ರೊಟ್ಟಿ ತಟ್ಟಿ ತೋರಿಸಿದೆ. ಮೂಲೆಯಲ್ಲಿ ಇಟ್ಟ ಹಾಗೆ, ಬಾಯಿ ಹೊಲಿದ ಹಾಗೆ. ಹೆಲೆನ್‌ಬಾಯಿ ಕನ್ನಡಕ ಏರಿಸಿಕೊಂಡು ಆ ಓರೆ ಹೊಲಿಗೆಯ ಮೇಲೆ ಬಾಗಿದರು. ಎದ್ದು ಹೋದರು.

ಅವರು ಬರುವವರೆಗಿನ ಹೊತ್ತು ಬಲು ಉದ್ದವಾಯಿತು. ಅಷ್ಟರಲ್ಲಿ ಭಾಗ್ಯಾ ಗ್ರಹಾಂ ಸಾಹೇಬರಿಗೆ ಎಲ್ಲ ಬಿಡಿಸಿ ಹೇಳಿದಳು. 

ಹೆಲೆನ್‌ಬಾಯಿ ಒಂದು ದಪ್ಪ ನೋಟುಬುಕ್ಕು ಹಿಡಿದುಕೊಂಡು ಬಂದರು. ಹಿಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಬಾಯಿಯವರು ತಾವು ರಿಪೇರಿ ಮಾಡಿದ್ದನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರಂತೆ. ವಿಭಾಗ ಮುಚ್ಚಿದಾಗ ಯಾರಿಗೂ ಬೇಡವಾಗಿ ಬೇರೆ ಕಪಾಟಿಗೆ ಹೋಗಿತ್ತು. ಆ ಓರೆ ಹೊಲಿಗೆ ಈ ಶಾಲೆಯಲ್ಲೇ ಕಲಿಸುತ್ತಿದ್ದದ್ದು. ಹೆಲೆನ್‌ಬಾಯಿ ತಾವು ಹುಡುಗಿಯಾಗಿದ್ದಾಗ ಇಲ್ಲೇ ಕಲಿತದ್ದರಿಂದ ಕಂಡೊಡನೆ ಗುರುತು ಹಿಡಿದರು. ಹಾಳೆ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟರು. ಭಾಗ್ಯಾ ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು:

"ಭಾರತದ ಜೂಲು. ಒಂದು ಮೂಲ್ಯಾಗ ಕಾಳು ಮತ್ತ ಒಣಗಿದ ರೊಟ್ಟಿಯಂಥಾದ್ದು ಇತ್ತು. ಹುಳ ಹಿಡದಿತ್ತು. ತಗದು ಹೊಲದೀನಿ. ಯಾಕ ಇಟ್ಟಿದ್ರೋ ತಿಳೀಲಿಲ್ಲ."

ಬರೆದ ಬಾಯಿಯವರು ಎಂದೋ ತೀರಿಕೊಂಡಿರಬೇಕು. ತಿಳಿಯಲಿಲ್ಲ ಎಂದು ಒಪ್ಪಿ ಬರೆದಿಟ್ಟರಲ್ಲ, ಅದು ನಮ್ಮನ್ನು ಉಳಿಸಿತು. ಕಸ ಎಂದು ಬರೆದಿದ್ದರೆ?

ಗ್ರಹಾಂ ಸಾಹೇಬರು ಅದನ್ನು ಎರಡು ಸಲ ಓದಿಕೊಂಡರು. ಆಮೇಲೆ ನೇರವಾಗಿ ನನ್ನನ್ನೇ ನೋಡಿ ಕೇಳಿದರು, ಭಾಗ್ಯಾ ಹೇಳಿದಳು: "ಜೂಲಕ್ಕೂ ಹಿಂಗ ಇಡಬಹುದಲ್ಲ? ಇಡಾಂಗಿಲ್ಲ ಅಂತ ಖಾತ್ರಿ ಏನು?"

"ನಮ್ಮ ಎತ್ತಿಗೂ ಕಾರಹುಣ್ಣಿಮಿಗೆ ಜೂಲ ಹೊಲೀತೀವ್ರಿ ಸಾಹೇಬ್ರ," ಎಂದೆ. "ಅದಕ್ಕ ಹೊಟ್ಟಿ ತುಂಬಾಂಗಿಲ್ಲ. ಮೆರವಣಗಿ ಮುಗಿದ ಮ್ಯಾಲ ಗೂಟಕ್ಕ ಹಾಕ್ತೀವಿ. ಕೌದಿ ಹಂಗಲ್ರಿ. ಕೂಸು ಹುಟ್ಟಿದಾಗಿಂದ ಮನಶಾರ ಮೈಗೆ ಹತ್ತಿ ಮಲಗತೈತಿ. ಜೋಡಿ ಮಲಗಾವರನ್ನ ಉಪಾಸ ಇಡಾಕ ಬರ್ತೈತೇನ್ರಿ?"

ಭಾಗ್ಯಾ ಇದನ್ನು ಹೇಳುವಾಗ ಹೆಲೆನ್‌ಬಾಯಿ ಮೂಗು ಒರೆಸಿಕೊಂಡರು. ಗ್ರಹಾಂ ಸಾಹೇಬರು ಪೆನ್ಸಿಲು ತೆಗೆದುಕೊಂಡು ಆ ಪದ ಬರೆದುಕೊಳ್ಳಲು ಭಾಗ್ಯಾಳನ್ನು ಕೇಳಿದರು. ಕೌ-ದಿ. ಮೂರು ಸಲ ಹೇಳಿಸಿಕೊಂಡರು.

ಶುಕ್ರವಾರ

ಮೀಟಿಂಗು ಹತ್ತು ಗಂಟೆಗೆ. ಭಾಗ್ಯಾ ಏನೂ ತಿನ್ನದೆ ಹೋದಳು. ನಾನು ಅವಳ ಕೋಣೆಯಲ್ಲಿ ಪೂಜೆಗೆ ಕುಳಿತೆ. ದಿನಾ ಅರ್ಧ ತಾಸಿನಲ್ಲಿ ಮುಗಿಯುವ ಪೂಜೆ ಅಂದು ಮುಗಿಯಲಿಲ್ಲ, ನಾನೇ ಮುಗಿಸಲಿಲ್ಲ. ಎದ್ದರೆ ಏನಾದರೂ ಆದೀತೆಂಬ ಭಯ. ಅಂಗೈ ಜೋಮು ಹಿಡಿಯಿತು. ಮಗಳಿಗಾಗಿ ಕೇಳಿಕೊಳ್ಳಲು ಕುಳಿತವಳು, ಆ ಕೌದಿ ಹೊಲಿದವಳಿಗಾಗಿಯೂ ಕೇಳಿಕೊಂಡೆ. ಹೆಸರು ತಿಳಿಯದವಳಿಗೆ ಏನೆಂದು ಕೇಳುವುದು? ಅವಳ ಹೊಲಿಗೆಯನ್ನು ನೆನೆದುಕೊಂಡು ಕೇಳಿದೆ.

ಫೋನು ಬಂತು. "ಅವ್ವಾ," ಎಂದಳು. ಮೂಗೇರಿಸುವ ಸದ್ದು. ಅಳುವೋ ನಗುವೋ ತಿಳಿಯಲಿಲ್ಲ.

"ಏನಾತು ಹೇಳ ಹುಚ್ಚಿ!"

"ಇಟಗೊಂತಾರ ಅವ್ವಾ. ಹೊಸ ಕಟ್ಟಡದಾಗ ಮುಂದಿನ ಬಾಗಲಕ್ಕ. ಕೌದಿ ಅಂತನ ಬರೀತಾರ, ಕನ್ನಡದಾಗನೂ. ನನ್ನ ಅಧ್ಯಾಯನೂ ಉಳೀತು."

ಆಗ ಪೂಜೆ ಮುಗಿಸಿದೆ. ಮೊದಲು ಅವಳಿಗೆ ರೊಟ್ಟಿ, ಹಿಂಡಿ ಕಟ್ಟಿಕೊಂಡು ಶಾಲೆಗೆ ನಡೆದೆ. ಆ ಊರಿನವರು ಮಧ್ಯಾಹ್ನ ತಂತಮ್ಮ ಮೇಜಿನ ಮುಂದೆ ಒಬ್ಬೊಬ್ಬರೇ ಕುಳಿತು ತಣ್ಣನೆಯ ಬ್ರೆಡ್ಡು ತಿನ್ನುತ್ತಾರೆ. ಯಾರೂ ಯಾರನ್ನೂ ಬಾ ಉಣ್ಣು ಎನ್ನುವುದಿಲ್ಲ. ನಾನು ಹಿಂಡಿ ಡಬ್ಬಿ ತೆಗೆದು ನಡುವೆ ಇಟ್ಟೆ. ಗ್ರಹಾಂ ಸಾಹೇಬರು ಒಂದು ಚಮಚ ತುಂಬ ಬಾಯಿಗೆ ಹಾಕಿಕೊಂಡು ಕೆಂಪಗಾದರು. ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಚಮಚಕ್ಕೆ ಕೈ ಹಾಕಿದರು. ನಿನ್ನೆ ನಮ್ಮನ್ನು ಅಳಿಸಿದ್ದಕ್ಕೆ ಇದು ಸರಿಯಾಯಿತು ಎಂದು ಭಾಗ್ಯಾ ಕಿವಿಯಲ್ಲಿ ಹೇಳಿದಳು.

ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳು ಉಳಿದಿತ್ತು. ಕೇಳಲೋ ಬೇಡವೋ ಎಂದು ಯೋಚಿಸಿ, ಕಡೆಗೆ ಭಾಗ್ಯಾಳಿಂದ ಹೆಲೆನ್‌ಬಾಯಿಯವರನ್ನು ಕೇಳಿಸಿದೆ. ಅದು ಅಷ್ಟು ವರ್ಷಗಳಿಂದ ಖಾಲಿ ಹೊಟ್ಟೆಯಲ್ಲಿದೆ, ಐದು ಕಾಳು ಇಡಬಹುದೇ ಎಂದು. ಕಾಳು ಇಡುವಂತಿಲ್ಲ, ಹುಳ ಬರುತ್ತವೆ ಎಂದರು. ಅವರು ಹೇಳಿದ್ದು ನ್ಯಾಯವೇ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ನನ್ನ ಕೈ ಹಿಡಿದು ಮೆಟ್ಟಿಲಿಳಿಸಿ ಮಣ್ಣಿನ ಕೆಲಸ ಕಲಿಸುವ ವಿಭಾಗಕ್ಕೆ ಕರೆದೊಯ್ದರು.

ಅಲ್ಲಿನ ಗಡ್ಡದ ಮಾಸ್ತರರು ನನ್ನ ಮುಂದೆ ಬಿಳಿ ಮಣ್ಣಿನ ಉಂಡೆ ಇಟ್ಟರು. ಮದುವೆಯ ಮನೆಯಲ್ಲಿ ಪಾಯಸಕ್ಕೆ ಗವಲಿ ಮಾಡುತ್ತೇವಲ್ಲ, ನಾದಿದ ಹಿಟ್ಟನ್ನು ಎರಡು ಬೆರಳಲ್ಲಿ ಹೊಸೆದು ಅಕ್ಕಿಕಾಳಿನಷ್ಟು ಮಾಡಿ ಉದುರಿಸುವುದು, ಕೈ ತಾನಾಗಿ ಅದನ್ನೇ ಮಾಡಿತು. ಸ್ವಲ್ಪ ದುಂಡಗೆ ಮಾಡಿದರೆ ಜೋಳ. ಐದು ಉದುರಿಸಿದ ಮೇಲೂ ಬೆರಳು ನಿಲ್ಲದೆ ಹತ್ತಿಪ್ಪತ್ತು ಬಿದ್ದವು. ಮಾಸ್ತರರು ಒಂದನ್ನು ಅಂಗೈಯಲ್ಲಿಟ್ಟುಕೊಂಡು, ಇದನ್ನು ಯಾವ ಶಾಲೆಯಲ್ಲಿ ಎಷ್ಟು ವರ್ಷ ಕಲಿತಿರಿ ಎಂದು ಕೇಳಿದರು.

"ನಮ್ಮತ್ತಿ ಸಾಲ್ಯಾಗ ಅಂತ ಹೇಳ," ಎಂದೆ ಭಾಗ್ಯಾಳಿಗೆ. "ಇನ್ನೂ ಪಾಸ್ ಮಾಡಿಲ್ಲ ಅಂತನೂ ಹೇಳ."

ಭಟ್ಟಿಯಲ್ಲಿ ಸುಟ್ಟು ಬಂದ ಮೇಲೆ ಐದನ್ನು ಸಣ್ಣ ಬಟ್ಟೆಯ ಚೀಲದಲ್ಲಿ ಹಾಕಿದೆವು. ಹಳೆಯ ಹೊಲಿಗೆಯನ್ನು ಬಿಚ್ಚಲಿಲ್ಲ. ಅದೂ ಆ ಬಾಯಿಯವರ ಕೈಕೆಲಸವಲ್ಲವೇ. ಚೀಲವನ್ನು ಎಡ ಮೂಲೆಯ ಹಿಂಬದಿಗೆ ನಾಲ್ಕು ಹೊಲಿಗೆ ಹಾಕಿ ಸೇರಿಸಲು ಒಪ್ಪಿದರು. ಎರಡು ಹೊಲಿಗೆ ನಾನು ಹಾಕಿದೆ, ಉಳಿದೆರಡಕ್ಕೆ ಸೂಜಿಯನ್ನು ಭಾಗ್ಯಾಳಿಗೆ ಕೊಟ್ಟೆ. ಮದುವೆಯಾಗದವಳ ಕೈಯಿಂದ ಮಾಡಿಸಬಾರದು ನಿಜ. ಆದರೆ ಈ ಕೌದಿಗೆ ಅಲ್ಲಿ ಅವಳಿಗಿಂತ ಹತ್ತಿರದವರು ಯಾರಿದ್ದರು?

ಮತ್ತೆ ಉಮದಿ

ಸೊಲ್ಲಾಪುರದಿಂದ ಬಂದ ಬಸ್ಸು ಇಳಿದಾಗ ಇಳಿಹೊತ್ತು. ಮನೆಯವರು ಬ್ಯಾಗು ಇಸಿದುಕೊಂಡು, "ಕೌದಿ ಪಾಸಾತೇನ?" ಎಂದು ಮಾತ್ರ ಕೇಳಿ ಅಂಗಡಿಗೆ ಹೋದರು; ಅವರಿಗೆ ಸಂತೋಷವಾದರೆ ನಡಿಗೆ ಜೋರಾಗುತ್ತದೆ. ಶಾಂತಕ್ಕ ಗೋಡೆಯ ಮೇಲೆ ಮೊಣಕೈ ಊರಿ ಎಲ್ಲ ಕೇಳಿಸಿಕೊಂಡು, ತನ್ನ ಹಗ್ಗದ ಮೇಲಿನ ನಾಲ್ಕನ್ನೂ ಒಳಗೆ ತೆಗೆದಿಟ್ಟುಕೊಂಡಳು. "ಇನ್ನ ಮ್ಯಾಲ ಇವುಕ್ಕ ಭಾಳ ಕಿಮ್ಮತ್ತು ಬಂತಲ್ಲ ತಾಯಿ!"

ಅತ್ತೆ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಕಡೆಯವರೆಗೆ ಎರಡು ಸಲ ಹೇಳಿಸಿಕೊಂಡರು. ಏರ್‌ಪೋರ್ಟಿನಲ್ಲಿ ತಮ್ಮ ಐದು ಕಾಳು ಹೋದದ್ದಕ್ಕೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ. ಮಣ್ಣಿನ ಕಾಳಿನ ಮಾತು ಬಂದಾಗ ಮಾತ್ರ ತಡೆದರು.

"ಮಣ್ಣಿನ ಕಾಳ ಇಟ್ರೇನ? ಮಣ್ಣ ತಿಂದು ಹೊಟ್ಟಿ ತುಂಬತೈತೇನ ನೀಲಾ?"

"ಸುಟ್ಟ ಮಣ್ಣ್ರಿ ಅತ್ತಿ. ಹುಳ ಮುಟ್ಟಾಂಗಿಲ್ಲ, ಇಲಿ ಮುಟ್ಟಾಂಗಿಲ್ಲ. ನೂರ ವರ್ಷ ಆದ್ರೂ ಹಂಗ ಇರತಾವ ಅಂದ್ರು."

 ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾದ್ರ ಅದರ ಊಟ ತೀರಾಂಗಿಲ್ಲ ಅಂದಂಗಾತು," ಎಂದರು. "ಚಲೋ ಆತು ಬಿಡು. ಇನ್ನ ಭಾಗ್ಯಾ ಅದನ್ನ ಹಿಡಕೊಂಡ ಅಲ್ಲೆ ಕೂಡೂದು ಬ್ಯಾಡ. ಅದು ಅಲ್ಲೆ ಇರತೈತಿ, ಆಕಿ ಬೇಕಾದಾಗ ಊರಿಗೆ ಬರ್ಲಿ."

ಎದೆಯ ಮೇಲಿನ ಭಾರ ಆಗ ಪೂರ್ತಿ ಇಳಿಯಿತು. ಒಲೆಯ ಮೇಲೆ ಹಾಲು ಕಾದು ಬೆಚ್ಚಗಾಗಿತ್ತು. ನಾನಿಲ್ಲದಾಗ ಮನೆಯಲ್ಲಿ ಮೊಸರಿಗೆ ಹೆಪ್ಪು ಉಳಿಸಿರಲಿಲ್ಲ. ಬಟ್ಟಲು ತೆಗೆದುಕೊಂಡು, ಒಂದು ಚಮಚ ಹೆಪ್ಪು ಕೇಳಿ ತರಲು ಶಾಂತಕ್ಕನ ಮನೆಗೆ ಹೋದೆ.